ನೀರಿನ ಬಿಸಿ ಏರಿದರೆ ಮೀನಿನ ಉಸಿರು ಎಷ್ಟು ಏರುತ್ತದೆ? ನೀವೇ ಎಣಿಸಿ ನೋಡಿ

ಮೀನಿನ ಉಸಿರಾಟವನ್ನು ಕಣ್ಣಲ್ಲೇ ಎಣಿಸಬಹುದು. ಬಾಯಿ ತೆರೆದಾಗ ನೀರು ಒಳಗೆ ಹೋಗುತ್ತದೆ. ಬಾಯಿ ಮುಚ್ಚಿದಾಗ ಕೆನ್ನೆಯ ಪಕ್ಕದ ಕಿವಿರು ಮುಚ್ಚಳ ತೆರೆದು ನೀರು ಹೊರಗೆ ಬರುತ್ತದೆ. ಮುಚ್ಚಳ ಒಮ್ಮೆ ತೆರೆದು ಮುಚ್ಚಿದರೆ ಒಂದು ಉಸಿರು, ಅಷ್ಟೇ.

ಇದಕ್ಕೆ ನನ್ನ ಆಯ್ಕೆ ಗೋಲ್ಡ್‌ಫಿಶ್. ಅದರ ಮುಚ್ಚಳ ದೊಡ್ಡದು, ಚೆನ್ನಾಗಿ ಕಾಣುತ್ತದೆ. ಬೆಟ್ಟಾ, ಗೌರಾಮಿ ಬೇಡ. ಅವು ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲವು, ಹಾಗಾಗಿ ಲೆಕ್ಕ ತಪ್ಪುತ್ತದೆ.

ಅಗಲ ಬಾಯಿಯ ಗಾಜಿನ ಪಾತ್ರೆಗೆ ಮೀನು ಇದ್ದ ತೊಟ್ಟಿಯ ನೀರನ್ನೇ ತುಂಬಿಸಿ. ಥರ್ಮಾಮೀಟರ್ ಇಳಿಬಿಡಿ. ಪಾತ್ರೆಯ ಹಿಂದೆ ಬಿಳಿ ಹಾಳೆ ನಿಲ್ಲಿಸಿದರೆ ಮುಚ್ಚಳದ ಅಂಚು ಎದ್ದು ಕಾಣುತ್ತದೆ. ಆ ದಿನ ಮೀನಿಗೆ ಆಹಾರ ಕೊಡಬೇಡಿ. ತಿಂದದ್ದು ಅರಗುವಾಗಲೂ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ.

ಈಗ ಬರುವುದು ಎಲ್ಲಕ್ಕಿಂತ ಮುಖ್ಯವಾದ ಮಾತು: ಕಾಯಿರಿ. ಬಲೆಯಿಂದ ಎತ್ತಿ ಹಾಕಿದ ಮೀನು ಹೆದರಿರುತ್ತದೆ. ಹೆದರಿದ ಮೀನಿನ ಉಸಿರೂ ಜೋರಾಗುತ್ತದೆ. ಆಗಲೇ ಎಣಿಸಿದರೆ ನೀವು ಅಳೆಯುವುದು ಭಯವನ್ನು, ನೀರಿನ ಬಿಸಿಯನ್ನಲ್ಲ. ಕನಿಷ್ಠ 20 ನಿಮಿಷ ಸುಮ್ನೆ ಬಿಡಿ. ಮೇಲಿಂದ ಬಗ್ಗಿ ನೋಡಬೇಡಿ, ಪಕ್ಕದಲ್ಲಿ ಕೂತು ನೋಡಿ. ರೆಕ್ಕೆಗಳು ನಿಧಾನವಾಗಿ ಆಡುತ್ತಾ ಮೀನು ಒಂದೇ ಕಡೆ ನಿಂತರೆ ಶುರು ಮಾಡಬಹುದು.

ಒಬ್ಬರು ಗಡಿಯಾರ ನೋಡಲಿ, ಇನ್ನೊಬ್ಬರು ಎಣಿಸಲಿ. 30 ಸೆಕೆಂಡಿನ ಎಣಿಕೆಯನ್ನು ಎರಡರಿಂದ ಗುಣಿಸಿ. ಪ್ರತಿ ಉಷ್ಣತೆಯಲ್ಲೂ ಮೂರು ಸಲ ಎಣಿಸಿ ಸರಾಸರಿ ಬರೆದುಕೊಳ್ಳಿ.

ತಣ್ಣಗೆ ಮಾಡಲು ಪಾತ್ರೆಯೊಳಗೆ ಐಸ್ ಹಾಕಬೇಡಿ. ನಲ್ಲಿ ನೀರಿನ ಐಸ್ ಆದರೆ ಕ್ಲೋರಿನ್ ಸೇರಬಹುದು, ಮೀನಿಗೆ ಒಮ್ಮೆಲೇ ಚಳಿಯೂ ತಟ್ಟುತ್ತದೆ. ಪಾತ್ರೆಯನ್ನು ದೊಡ್ಡ ಟಬ್ಬಿನಲ್ಲಿಟ್ಟು, ಟಬ್ಬಿನ ನೀರಿಗೆ ಐಸ್ ಹಾಕಿ. ಹತ್ತು ನಿಮಿಷಕ್ಕೆ ಒಂದು ಡಿಗ್ರಿಯಷ್ಟು ಇಳಿದರೆ ಸಾಕು. 26ರಿಂದ 18 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗಿ, ಎರಡೆರಡು ಡಿಗ್ರಿಗೆ ನಿಂತು ಎಣಿಸಿ. ಆಮೇಲೆ ಅಷ್ಟೇ ನಿಧಾನವಾಗಿ ವಾಪಸ್ ಬನ್ನಿ, ಬರುವಾಗಲೂ ಎಣಿಸಿ. ಇಳಿಯುವಾಗ 22 ಡಿಗ್ರಿಯಲ್ಲಿ ಸಿಕ್ಕ ಸಂಖ್ಯೆ ಏರುವಾಗಲೂ ಹತ್ತಿರಹತ್ತಿರ ಸಿಕ್ಕರೆ ನಿಮ್ಮ ಎಣಿಕೆಯನ್ನು ನಂಬಬಹುದು.

ತಣ್ಣನೆ ನೀರಿನಲ್ಲಿ ಮುಚ್ಚಳ ಅಷ್ಟಾಗಿ ಎದ್ದೇಳುವುದಿಲ್ಲ. ಉಸಿರೇ ನಿಂತಂತೆ ಕಾಣಬಹುದು. ಮುಚ್ಚಳದ ಹಿಂದಿನ ತೆಳು ಪೊರೆಯನ್ನು ನೋಡಿ, ಅದು ಅಲುಗುತ್ತಿರುತ್ತದೆ. ಬಿಸಿ ಏರಿದಂತೆ ಮುಚ್ಚಳ ಅಗಲವಾಗಿ ತೆರೆಯುತ್ತದೆ, ಒಳಗಿನ ಕೆಂಪು ಕಿವಿರೂ ಇಣುಕುತ್ತದೆ. ಸಂಖ್ಯೆಯ ಪಕ್ಕದಲ್ಲಿ ಇದನ್ನೂ ಬರೆದಿಡಿ. ಎಷ್ಟು ಸಲ ಅನ್ನುವುದರ ಜೊತೆಗೆ ಎಷ್ಟು ಆಳವಾಗಿ ಅನ್ನುವುದೂ ಮುಖ್ಯ ಅಲ್ವಾ?

ಹೀಗೇಕೆ ಆಗುತ್ತದೆ? ಗೋಲ್ಡ್‌ಫಿಶ್‌ನ ಮೈ ಬಿಸಿ ನೀರಿನ ಬಿಸಿಯ ಹಿಂದೆಯೇ ಹೋಗುತ್ತದೆ. ಮೈ ಬಿಸಿಯಾದರೆ ಒಳಗಿನ ರಾಸಾಯನಿಕ ಕ್ರಿಯೆಗಳೆಲ್ಲ ಚುರುಕಾಗುತ್ತವೆ. ಸಾಮಾನ್ಯವಾಗಿ 10 ಡಿಗ್ರಿ ಏರಿದರೆ ಆಮ್ಲಜನಕದ ಬೇಡಿಕೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಪಾಪ, ಅದೇ ಹೊತ್ತಿಗೆ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರ ಮಟ್ಟದಲ್ಲಿ ಒಂದು ಲೀಟರ್ ಸಿಹಿನೀರು 10 ಡಿಗ್ರಿಯಲ್ಲಿ ಸುಮಾರು 11.3 ಮಿಲಿಗ್ರಾಂ ಹಿಡಿದಿಟ್ಟುಕೊಳ್ಳಬಲ್ಲದು. 20ರಲ್ಲಿ 9.1, 30ರಲ್ಲಿ 7.6 ಮಾತ್ರ. ಬೇಕಾದ್ದು ಜಾಸ್ತಿ, ಸಿಗುವುದು ಕಮ್ಮಿ. ಅದಕ್ಕೇ ಮೀನು ಹೆಚ್ಚು ಹೆಚ್ಚು ನೀರನ್ನು ಕಿವಿರಿನ ಮೇಲೆ ಹಾಯಿಸುತ್ತದೆ.

ಚಿಕ್ಕ ಪಾತ್ರೆಯಲ್ಲಿ ಇನ್ನೊಂದು ತೊಡಕಿದೆ. ಹೊತ್ತು ಕಳೆದಂತೆ ಮೀನೇ ಆಮ್ಲಜನಕ ಖಾಲಿ ಮಾಡುತ್ತಾ ಹೋಗುತ್ತದೆ. ಅದರಿಂದಲೂ ಎಣಿಕೆ ಏರಬಹುದು. ಸಣ್ಣ ಏರ್ ಪಂಪ್ ಮೊದಲಿನಿಂದಲೂ ಓಡುತ್ತಿರಲಿ. ಸಾಧ್ಯವಾದರೆ ಅದೇ ಗಾತ್ರದ ಇನ್ನೊಂದು ಮೀನನ್ನು, ಬಿಸಿ ಬದಲಿಸದ ಎರಡನೇ ಪಾತ್ರೆಯಲ್ಲಿಟ್ಟು ಅದನ್ನೂ ಎಣಿಸಿ.

ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟರೆ, ಪಕ್ಕಕ್ಕೆ ವಾಲಿದರೆ ಅಲ್ಲಿಗೇ ನಿಲ್ಲಿಸಿ. ಯಾವ ಗ್ರಾಫೂ ಅದರ ಜೀವಕ್ಕಿಂತ ದೊಡ್ಡದಲ್ಲ. ನಿಧಾನವಾಗಿ ಮೊದಲಿನ ಬಿಸಿಗೆ ತಂದು ತೊಟ್ಟಿಗೆ ಬಿಡಿ.

ಎಣಿಸುವುದು ರೂಢಿಯಾದ ಮೇಲೆ ಬೇಸಿಗೆಯಲ್ಲಿ ನಿಮ್ಮ ತೊಟ್ಟಿಯ ಮೀನುಗಳನ್ನೂ ಗಮನಿಸಿ. ಗಿಡಗಳಿರುವ ತೊಟ್ಟಿಯಾದರೆ ಬೆಳಕು ಹರಿಯುವ ಮುಂಚೆ ನೋಡಿ. ರಾತ್ರಿಯೆಲ್ಲ ಗಿಡಗಳೂ ಆಮ್ಲಜನಕ ಬಳಸಿಕೊಂಡಿರುತ್ತವೆ. ಎಣಿಕೆ ಮಾಮೂಲಿಗಿಂತ ಜಾಸ್ತಿ ಬಂದರೆ ರಾತ್ರಿಯೂ ಪಂಪ್ ಓಡಿಸಿ, ಆಹಾರ ಸ್ವಲ್ಪ ಕಡಿಮೆ ಮಾಡಿ.