ಕ್ರೂಸ್ ಹಡಗಿಗೆ ಏನು ಒಯ್ಯಬಹುದು, ಏನು ಬೇಡ: ಎಕ್ಸ್‌ರೇ ಮುಂದೆ ಕೂತಿದ್ದವನ ಅನುಭವ

ಇಸ್ತ್ರಿಪೆಟ್ಟಿಗೆಯನ್ನು ಎಕ್ಸ್‌ರೇ ಪರದೆಯ ಮೇಲೆ ಗುರುತಿಸಲು ಯಾವ ತರಬೇತಿಯೂ ಬೇಕಿಲ್ಲ. ಚೂಪು ಮೂತಿಯ ನೀಲಿ ತಗಡು, ಪಕ್ಕದಲ್ಲಿ ಸುತ್ತಿಟ್ಟ ವಯರು. ನೌಕಾಪಡೆಯಿಂದ ನಿವೃತ್ತನಾದ ಮೇಲೆ ನಾನು ಫ್ಲೋರಿಡಾದಿಂದ ಕೆರಿಬಿಯನ್ ದ್ವೀಪಗಳಿಗೆ ಹೋಗಿಬರುವ ಪ್ರಯಾಣಿಕ ಹಡಗುಗಳ ಸೆಕ್ಯೂರಿಟಿ ವಿಭಾಗದಲ್ಲಿದ್ದೆ, ಆಮೇಲೆ ಕೆಲವು ಕಾಂಟ್ರಾಕ್ಟ್ ಸಿಂಗಾಪುರದ ಕಡೆ ಮಾಡಿದೆ. ಬಾಂಬು, ಬಂದೂಕು ಹುಡುಕುವುದೇ ನನ್ನ ಕೆಲಸ ಎಂದು ಊರಲ್ಲಿ ಈಗಲೂ ನಂಬಿದವರಿದ್ದಾರೆ. ನಾವು ದಿನವಿಡೀ ಹಿಡಿಯುತ್ತಿದ್ದದ್ದು ಇಸ್ತ್ರಿಪೆಟ್ಟಿಗೆ, ಕೆಟಲ್, ಎಕ್ಸ್‌ಟೆನ್ಷನ್ ಬೋರ್ಡು ಮತ್ತು ಮೌತ್‌ವಾಶ್ ಬಾಟಲಿಗೆ ತುಂಬಿಸಿ ತಂದ ವೋಡ್ಕಾ.

ಈಗ ಪರಿಚಯದವರು ಯಾರಾದರೂ ಕ್ರೂಸ್‌ಗೆ ಹೊರಟರೆ ಮೊದಲು ನನಗೆ ಫೋನ್ ಮಾಡಿ, "ಲಿಸ್ಟ್ ಕಳಿಸಿ" ಎನ್ನುತ್ತಾರೆ. ಲಿಸ್ಟ್ ಪ್ರತಿ ಕಂಪನಿಯ ವೆಬ್‌ಸೈಟಿನಲ್ಲೇ ಇದೆ, ಟಿಕೆಟ್ ಜೊತೆಗೂ ಬರುತ್ತದೆ. ಅದನ್ನು ಬಾಯಿಪಾಠ ಮಾಡುವುದಕ್ಕಿಂತ ಯಾವ ವಸ್ತು ಯಾಕೆ ಬೇಡ ಎಂದು ತಿಳಿದುಕೊಂಡರೆ ಪ್ಯಾಕಿಂಗ್ ಸಲೀಸು. ಕಾರಣಗಳು ಬಹಳವಿಲ್ಲ: ಬೆಂಕಿಯ ಭಯ, ಬಾರಿನ ವ್ಯಾಪಾರ, ಮುಂದಿನ ಬಂದರಿನ ಕಾನೂನು. ಬೆಂಕಿಯ ವಿಷಯದಲ್ಲಿ ಹಡಗಿನವರು ಯಾರ ಮಾತೂ ಕೇಳುವುದಿಲ್ಲ. ಬಾರಿನ ವಿಷಯಕ್ಕೆ ನಗುತ್ತಲೇ ಬಾಟಲಿ ತೆಗೆದಿಡುತ್ತಾರೆ. ಮೂರನೆಯದು ಅವರ ಕೈಯಲ್ಲಿಲ್ಲ.

ಬೆಂಕಿಯಿಂದಲೇ ಶುರು ಮಾಡುತ್ತೇನೆ. ನಡುಸಮುದ್ರಕ್ಕೆ ಅಗ್ನಿಶಾಮಕ ದಳದ ಗಾಡಿ ಬರುವುದಿಲ್ಲ. ಬೆಳಗ್ಗೆ ನಿಮ್ಮ ಹಾಸಿಗೆ ಸರಿಮಾಡಿದವನು, ರಾತ್ರಿ ಊಟ ಬಡಿಸಿದವನು, ಪ್ರತಿಯೊಬ್ಬನಿಗೂ ಅಲಾರಂ ಹೊಡೆದಾಗ ಒಂದು ಕೆಲಸ ಗೊತ್ತುಮಾಡಿರುತ್ತಾರೆ. 2006ರ ಮಾರ್ಚ್ 23ರ ನಸುಕಿನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗು ಜಮೈಕಾ ಕಡೆಗೆ ಹೋಗುತ್ತಿದ್ದಾಗ ಬಾಲ್ಕನಿಯಲ್ಲಿ ಬೆಂಕಿ ಹತ್ತಿ ಸಾಲು ಸಾಲು ಕ್ಯಾಬಿನ್‌ಗಳು ಸುಟ್ಟವು, ಹೊಗೆ ಕುಡಿದು ಒಬ್ಬ ಪ್ರಯಾಣಿಕರು ತೀರಿಕೊಂಡರು. ಯಾರೋ ಆರಿಸದೆ ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕು ಎಂದಿತು ತನಿಖೆ. ಅಷ್ಟು ಸಣ್ಣ ಕಿಡಿ. ಹೀಗಿರುವಾಗ ಕ್ಯಾಬಿನ್‌ನಲ್ಲಿ ಊದುಬತ್ತಿ, ಕರ್ಪೂರ, ತುಪ್ಪದ ದೀಪ ಹಚ್ಚಲು ಬಿಡುತ್ತಾರೆಯೇ? ದೇವರ ಫೋಟೋ ಇಟ್ಟುಕೊಳ್ಳಿ, ಬ್ಯಾಟರಿ ದೀಪ ಇಟ್ಟುಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ. ಮೇಣದ ಬತ್ತಿಯನ್ನು ಹಚ್ಚುವುದಿಲ್ಲ, ಸುಮ್ಮನೆ ಇಟ್ಟುಕೊಂಡಿರುತ್ತೇನೆ ಎಂದರೂ ಒಳಗೆ ಬಿಡುವುದಿಲ್ಲ.

ಇಸ್ತ್ರಿಪೆಟ್ಟಿಗೆ, ಬಟ್ಟೆಗೆ ಹಿಡಿಯುವ ಸ್ಟೀಮರ್, ಕೆಟಲ್, ನೀರು ಕಾಯಿಸುವ ಕಾಯಿಲ್, ಹಾಟ್ ಪ್ಲೇಟ್, ರೈಸ್ ಕುಕ್ಕರ್ ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. ಹೇರ್ ಡ್ರೈಯರ್, ಕೂದಲು ಸುರುಳಿ ಮಾಡುವ ಕರ್ಲರ್‌ಗೆ ದೊಡ್ಡ ಕಂಪನಿಗಳು ಬಿಡುತ್ತವೆ. ಅದೂ ಬಿಸಿಯಾಗುವುದಿಲ್ಲವೇ ಎಂದು ಜಗಳಕ್ಕೆ ನಿಂತವರನ್ನು ಕಂಡಿದ್ದೇನೆ. ವಾದದಲ್ಲಿ ಹುರುಳಿದೆ, ಆದರೆ ಸಾವಿರಾರು ಜನ ಹಡಗು ಹತ್ತುವ ಮಧ್ಯಾಹ್ನ ಆ ವಾದ ಕೇಳಲು ಯಾರಿಗೂ ಪುರುಸೊತ್ತಿಲ್ಲ.

ಎಕ್ಸ್‌ಟೆನ್ಷನ್ ಬೋರ್ಡಿನ ಕಥೆ ಬೇರೆ. ಜನ ಇದನ್ನು ಸುಮ್ಮನೆ ಕಿರುಕುಳ ಅಂದುಕೊಳ್ಳುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯ ಸಾಕೆಟ್‌ನಲ್ಲಿ ಒಂದು ತಂತಿ ಫೇಸ್, ಇನ್ನೊಂದು ನ್ಯೂಟ್ರಲ್. ನ್ಯೂಟ್ರಲ್ ಭೂಮಿಗೆ ಸೇರಿರುತ್ತದೆ. ಬಹಳಷ್ಟು ಹಡಗುಗಳಲ್ಲಿ ಆ ಏರ್ಪಾಡಿಲ್ಲ, ಎರಡು ತಂತಿಯಲ್ಲೂ ಕರೆಂಟ್ ಇರುತ್ತದೆ. ಅಂಗಡಿಯ ಬೋರ್ಡುಗಳಲ್ಲಿರುವ ಸರ್ಜ್ ಪ್ರೊಟೆಕ್ಟರ್, ಅಂದರೆ ಕರೆಂಟ್ ಏಕಾಏಕಿ ಏರಿದರೆ ತಡೆಯುವ ಭಾಗ, ತೊಂದರೆ ಕಂಡಾಗ ಒಂದು ತಂತಿಯನ್ನು ಮಾತ್ರ ಕಡಿಯುತ್ತದೆ. ಇನ್ನೊಂದರಲ್ಲಿ ಕರೆಂಟ್ ಹರಿಯುತ್ತಲೇ ಇದ್ದು, ಬೋರ್ಡು ಒಳಗೊಳಗೇ ಕಾದು ಹೊತ್ತಿಕೊಳ್ಳಬಹುದು. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲಿ ಹಡಗುಗಳಿಗೆ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ಸರ್ಜ್ ಪ್ರೊಟೆಕ್ಟರ್ ಇಲ್ಲದ ಬೋರ್ಡಿಗೆ ಕೆಲವು ಕಂಪನಿಗಳು ಈಗಲೂ ಬಿಡುತ್ತವೆ. ರಾಯಲ್ ಕೆರಿಬಿಯನ್ ಕಂಪನಿ 2024ರಲ್ಲಿ ಆ ಬಾಗಿಲನ್ನೂ ಮುಚ್ಚಿತು. ನಾನು ಹೇಳುವುದಿಷ್ಟೇ: ನಾಲ್ಕು ಯುಎಸ್‌ಬಿ ತೂತಿರುವ ಚಾರ್ಜರ್ ಒಯ್ಯಿರಿ, ಮನೆಮಂದಿಯ ಫೋನೆಲ್ಲ ಅದರಲ್ಲೇ ಆಗುತ್ತದೆ. ಬಹುಪಾಲು ಕ್ಯಾಬಿನ್‌ಗಳಲ್ಲಿ ಅಮೆರಿಕದ ಚಪ್ಪಟೆ ಪಿನ್ನಿನ ಸಾಕೆಟ್ ಜೊತೆ ಯುರೋಪಿನ ಎರಡು ದುಂಡು ಪಿನ್ನಿನ ಸಾಕೆಟ್ಟೂ ಇರುತ್ತದೆ, ನಮ್ಮ ಎರಡು ಪಿನ್ನಿನ ಚಾರ್ಜರ್ ಅದಕ್ಕೆ ಕೂರುತ್ತದೆ. ನಿದ್ದೆಯಲ್ಲಿ ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಬೇಕಾದವರು ಬುಕಿಂಗ್ ಮಾಡುವಾಗಲೇ ಹೇಳಿಬಿಟ್ಟರೆ ಹಡಗಿನವರೇ ಸರಿಯಾದ ವಯರು ಕೊಡುತ್ತಾರೆ.

ಒಮ್ಮೆ ಒಂದು ಸೂಟ್‌ಕೇಸಿನಲ್ಲಿ ಗುಂಡಗೆ, ದಪ್ಪಗೆ, ಮುಚ್ಚಳವಿದ್ದದ್ದೊಂದು ಕಂಡಿತು. ತೆಗೆಸಿದರೆ ಪುಟ್ಟ ರೈಸ್ ಕುಕ್ಕರ್, ಅದರೊಳಗೆ ಪಂಚೆ ಸುತ್ತಿಟ್ಟ ಉಪ್ಪಿನಕಾಯಿ ಭರಣಿ. ನ್ಯೂಜೆರ್ಸಿಯ ಮಗಳು ಅಳಿಯ, ಊರಿಂದ ಬಂದ ಅಪ್ಪ ಅಮ್ಮನನ್ನು ಬಹಾಮಾಸ್‌ಗೆ ಕರೆದುಕೊಂಡು ಹೊರಟಿದ್ದರು. ಅವರವರ ಮಾತು ಕಿವಿಗೆ ಬಿದ್ದು ನಾನು ಕನ್ನಡದಲ್ಲೇ ಹೇಳಿದೆ.

"ಅಮ್ಮಾ, ಕುಕ್ಕರ್ ಒಳಗೆ ಬಿಡಕ್ಕಾಗಲ್ಲ."

"ಅಯ್ಯೋ, ನಮ್ಮೋನೇ! ಯಾವೂರಪ್ಪಾ?"

"ಕುಂದಾಪುರದ ಹತ್ರ ಅಮ್ಮ."

"ಹಂಗಾದ್ರೆ ಬಿಟ್‌ಬಿಡಪ್ಪ. ನಮ್ ಯಜಮಾನ್ರಿಗೆ ಮೊಸರನ್ನ ಇಲ್ದಿದ್ರೆ ನಿದ್ದೇನೇ ಬರಲ್ಲ."

"ಅನ್ನಾನೂ ಐತೆ, ಮೊಸರೂ ಐತೆ, ದಿನಾ ಸಿಗತ್ತೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಹೆಡ್ ವೇಟರನ್ನ ಕರೆದು ಹೇಳಿ, ಬೇಕಾದ್ರೆ ನಾಳೆಯಿಂದ ಬೇಳೆ ಪಲ್ಯ ಬೇರೆ ಮಾಡ್ಸಿಕೊಡ್ತಾರೆ."

ಆಯಮ್ಮನ ಊರ ಕಡೆಯ ಮಾತಿನ ಧಾಟಿ ನನ್ನ ಬಾಯಿಗೂ ಬಂದುಬಿಟ್ಟಿತ್ತು. ಕುಕ್ಕರಿಗೆ ಚೀಟಿ ಕಟ್ಟಿ ಲಾಕರಿಗೆ ಕಳಿಸಿದೆ, ರಸೀದಿ ಕೊಟ್ಟೆ. ಹೆಡ್ ವೇಟರ್ ಬಗ್ಗೆ ನಾನು ಹೇಳಿದ್ದು ಬಾಯಿಮಾತಲ್ಲ. ಭಾರತೀಯ ಸಸ್ಯಾಹಾರ, ಜೈನರ ಊಟ ಬೇಕೆಂದರೆ ಮೊದಲ ದಿನವೇ, ಸಾಧ್ಯವಾದರೆ ಬುಕಿಂಗ್ ಸಮಯದಲ್ಲೇ ಹೇಳಬೇಕು. ಅಡುಗೆಮನೆಯಲ್ಲಿ ನಮ್ಮ ದೇಶದ ಹುಡುಗರು ಇದ್ದೇ ಇರುತ್ತಾರೆ, ಅವರಿಗೂ ಅದು ಖುಷಿಯ ಕೆಲಸ.

ತಿಂಡಿಯ ನಿಯಮ ಸರಳ: ಅಂಗಡಿಯ ಸೀಲ್ ಒಡೆಯದ ಒಣ ಪೊಟ್ಟಣವಾದರೆ ಆಯಿತು, ಮನೆಯಲ್ಲಿ ಮಾಡಿದ್ದಾದರೆ ಇಲ್ಲ. ಹಡಗಿನಲ್ಲಿ ಒಬ್ಬರಿಗೆ ವಾಂತಿಭೇದಿ ಶುರುವಾದರೆ ನೂರಾರು ಜನಕ್ಕೆ ಹರಡಲು ಹೊತ್ತು ಬೇಡ, ಮೂಲ ಯಾವ ಡಬ್ಬಿ ಎಂದು ಹುಡುಕುವುದೂ ಆಗದ ಮಾತು. ಅಂಗಡಿಯ ಚಟ್ನಿಪುಡಿ, ಚಕ್ಕುಲಿ, ಕೋಡುಬಳೆ ಪೊಟ್ಟಣ ಧಾರಾಳವಾಗಿ ಒಯ್ಯಿರಿ. ಪಣಂಬೂರಿನ ಹೊಸ ಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗಿನವರು ಊರು ಸುತ್ತಿ ವಾಪಸ್ ಹತ್ತುವಾಗ ಸೀಲ್ ಮಾಡಿದ ಗೋಡಂಬಿ ಒಯ್ಯುವುದೂ ಇದೇ ನಿಯಮದಡಿ. ಮಗುವಿನ ಆಹಾರಕ್ಕೆ ಎಲ್ಲ ಕಡೆ ರಿಯಾಯಿತಿ ಇದೆ.

ಇನ್ನು ಮದ್ಯ. ಇಲ್ಲಿ ಮುಚ್ಚುಮರೆ ಯಾಕೆ, ಇದು ಸುರಕ್ಷತೆಗಿಂತ ಹೆಚ್ಚಾಗಿ ದುಡ್ಡಿನ ವಿಷಯ. ಟಿಕೆಟ್ ದರ ಕಡಿಮೆ ಇಟ್ಟು, ಒಳಗೆ ಬಾರು, ಕ್ಯಾಸಿನೊ, ಸ್ಪಾ, ಇಂಟರ್ನೆಟ್‌ನಲ್ಲಿ ಗಳಿಸುವುದು ಈ ವ್ಯಾಪಾರದ ಲೆಕ್ಕಾಚಾರ. ಈಚಿನ ವರ್ಷಗಳಲ್ಲಿ ಉಪಗ್ರಹದಿಂದ ಇಂಟರ್ನೆಟ್ ಪಡೆಯುವ ಸ್ಟಾರ್‌ಲಿಂಕ್ ಡಿಶ್ ನಿಷೇಧದ ಪಟ್ಟಿಗೆ ಸೇರಿದ್ದರಲ್ಲಿ ಈ ಲೆಕ್ಕಾಚಾರವೂ ಇದೆ ಎಂದೇ ನನ್ನ ಅಂದಾಜು. ಕಾರ್ನಿವಲ್, ರಾಯಲ್ ಕೆರಿಬಿಯನ್‌ನವರು ಹಡಗು ಹತ್ತುವ ದಿನ ತಲೆಗೊಂದು 750 ಎಂಎಲ್ ವೈನ್ ಅಥವಾ ಶಾಂಪೇನ್ ಬಾಟಲಿಗೆ ಒಪ್ಪುತ್ತಾರೆ. ಅಮೆರಿಕದಿಂದ ಹೊರಡುವ ಹಡಗಾದರೆ 21 ತುಂಬಿರಬೇಕು. ಬಿಯರ್, ವಿಸ್ಕಿ, ರಮ್ ಇಲ್ಲವೇ ಇಲ್ಲ. ವೈನ್ ಬಾಟಲಿಯನ್ನು ಕೈಚೀಲದಲ್ಲಿ ಒಯ್ಯಬೇಕು, ದೊಡ್ಡ ಸೂಟ್‌ಕೇಸಿನಲ್ಲಿಟ್ಟರೆ ಆ ಸೂಟ್‌ಕೇಸೇ ನಮ್ಮ ಹತ್ತಿರ ಉಳಿಯುತ್ತದೆ. ಊಟದ ಹಾಲಿನಲ್ಲಿ ನಿಮ್ಮದೇ ಬಾಟಲಿ ತೆಗೆಸಿದರೂ ಕಾರ್ಕೇಜ್ ಎಂದು ಶುಲ್ಕ ಹಾಕುವುದುಂಟು.

ಕದ್ದು ತರುವವರ ಬುದ್ಧಿ ಮಾತ್ರ ಮೆಚ್ಚಬೇಕು. ಎಕ್ಸ್‌ರೇಯಲ್ಲಿ ಲೋಹ ನೀಲಿಯಾಗಿ ಕಾಣುತ್ತದೆ; ದ್ರವ, ಬಟ್ಟೆ, ಆಹಾರ ಕಿತ್ತಳೆಯಾಗಿ. ಹಾಗಾಗಿ ಬಟ್ಟೆಯ ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಮದ್ಯ ತುಂಬಿಟ್ಟರೆ ಕಾಣುವುದಿಲ್ಲ ಎಂದು ಅವರ ಎಣಿಕೆ. ಬಟ್ಟೆ ಮಡಿಕೆ ಮಡಿಕೆಯಾಗಿ ತೆಳುವಾಗಿ ಕಾಣುತ್ತದೆ, ದ್ರವದ ಚೀಲ ಒಂದೇ ಸಮ ಗಟ್ಟಿ ಬಣ್ಣದ ತೇಪೆಯಂತೆ ಎದ್ದು ಕಾಣುತ್ತದೆ. ಮೌತ್‌ವಾಶ್ ಬಾಟಲಿಗೆ ವೋಡ್ಕಾ ತುಂಬಿ ನೀಲಿಯೋ ಹಸಿರೋ ಬಣ್ಣ ಕಲಸುವುದು ಹಳೆಯ ವಿದ್ಯೆ. ನಾವು ಬಾಟಲಿ ಎತ್ತಿ ಒಮ್ಮೆ ಜೋರಾಗಿ ಅಲ್ಲಾಡಿಸುತ್ತಿದ್ದೆವು. ಮೌತ್‌ವಾಶಾದರೆ ನೊರೆ ನಿಲ್ಲುತ್ತದೆ, ವೋಡ್ಕಾದಲ್ಲಿ ಗುಳ್ಳೆ ಎದ್ದಷ್ಟೇ ಬೇಗ ಒಡೆಯುತ್ತದೆ. ಎದುರಿಗಿದ್ದವರ ಮುಖವೂ ಅಷ್ಟರಲ್ಲಿ ಉತ್ತರ ಕೊಟ್ಟಿರುತ್ತಿತ್ತು. ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ ಜಿನ್ ತುಂಬಿ ಮತ್ತೆ ಸೀಲ್ ಹಾಕುವವರು ಹೆಚ್ಚಾಗಿಯೇ ಕಾರ್ನಿವಲ್ 2015ರಲ್ಲಿ ಬಾಟಲಿ ನೀರು, ಬಾಟಲಿ ಸೋಡಾ ತರುವುದನ್ನೇ ನಿಲ್ಲಿಸಿತು. ಕ್ಯಾನ್ ಅಥವಾ ರಟ್ಟಿನ ಪೊಟ್ಟಣದ ತಂಪು ಪಾನೀಯವಾದರೆ ಒಬ್ಬರಿಗೆ 12ರವರೆಗೆ ಬಿಡುತ್ತಾರೆ. ದಾರಿಯ ಬಂದರಿನಲ್ಲಿ ಕೊಂಡ ರಮ್ ಬಾಟಲಿಯನ್ನು ಹಡಗು ಹತ್ತುವ ಗ್ಯಾಂಗ್‌ವೇಯಲ್ಲಿ ಕೊಟ್ಟು ಚೀಟಿ ಪಡೆಯಿರಿ, ಪ್ರವಾಸ ಮುಗಿಯುವಾಗ ವಾಪಸ್ ಬರುತ್ತದೆ.

ಆಯುಧದ ತಪಾಸಣೆಗೆ ಇತಿಹಾಸವಿದೆ. 1985ರ ಅಕ್ಟೋಬರಿನಲ್ಲಿ ಇಟಲಿಯ ಅಕಿಲೆ ಲಾವ್ರೊ ಹಡಗನ್ನು ಈಜಿಪ್ಟಿನ ತೀರದಾಚೆ ಅಪಹರಿಸಿದವರು ಟಿಕೆಟ್ ಕೊಂಡು ಪ್ರಯಾಣಿಕರಂತೆ ಹತ್ತಿದ್ದರು, ಬಂದೂಕುಗಳೂ ಅವರ ಜೊತೆಗೇ ಒಳಗೆ ಬಂದಿದ್ದವು. ಗಾಲಿಕುರ್ಚಿಯಲ್ಲಿದ್ದ ಅಮೆರಿಕದ ವೃದ್ಧರೊಬ್ಬರನ್ನು ಕೊಂದರು. ಮರುವರ್ಷವೇ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಪ್ರಯಾಣಿಕ ಹಡಗುಗಳಿಗೆ ಭದ್ರತೆಯ ಸೂಚನೆ ಹೊರಡಿಸಿತು. 2004ರ ಜುಲೈಯಿಂದ ಐಎಸ್‌ಪಿಎಸ್ ಕೋಡ್, ಅಂದರೆ ಹಡಗು ಮತ್ತು ಬಂದರುಗಳ ಭದ್ರತೆಯ ಅಂತರರಾಷ್ಟ್ರೀಯ ನಿಯಮ, ಬಂದ ಮೇಲಂತೂ ಎಕ್ಸ್‌ರೇ, ಮೆಟಲ್ ಡಿಟೆಕ್ಟರ್ ಇಲ್ಲದ ಕ್ರೂಸ್ ಟರ್ಮಿನಲ್ ಕಾಣಸಿಗುವುದು ಕಷ್ಟ. 4 ಇಂಚಿಗಿಂತ ಉದ್ದದ ಅಲಗಿರುವ ಯಾವುದನ್ನೂ ಬಿಡುವುದಿಲ್ಲ. ಹೊಲಿಗೆಯ ಸಣ್ಣ ಕತ್ತರಿ, ಉಗುರು ಕತ್ತರಿಗೆ ತೊಂದರೆಯಿಲ್ಲ. ವಿಮಾನದ 100 ಎಂಎಲ್ ನಿಯಮ ಹಡಗಿಗಿಲ್ಲ, ತಲೆಗೆ ಹಚ್ಚುವ ಎಣ್ಣೆ, ಶಾಂಪೂ ಎಷ್ಟಾದರೂ ಒಯ್ಯಿರಿ.

ಬಂದರಿನ ಕಾನೂನಿನಲ್ಲಿ ನಮ್ಮವರು ಎಡವುವುದೇ ಹೆಚ್ಚು, ಯಾಕೆಂದರೆ ಊರಲ್ಲಿ ಅದು ತಪ್ಪೇ ಅಲ್ಲ. ಗಸಗಸೆ ನೋಡಿ. ಯುಎಇಯಲ್ಲಿ ನಿಷಿದ್ಧ. ಸಿಂಗಾಪುರದಲ್ಲಿ ಮಾದಕವಸ್ತು ನಿಗ್ರಹ ಇಲಾಖೆಯ ಅನುಮತಿ ಬೇಕು. ದುಬೈಯಿಂದ ಹೊರಡುವ ಕ್ರೂಸ್‌ಗೆ ಹೋಗುವವರು ಹಬ್ಬದ ಪಾಯಸಕ್ಕೆಂದು ಪೊಟ್ಟಣ ಇಟ್ಟುಕೊಂಡರೆ ಹಡಗು ಮುಟ್ಟುವ ಮೊದಲೇ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳಬಹುದು. ಸಿಂಗಾಪುರಕ್ಕೆ ಗುಟ್ಕಾ, ಜಗಿಯುವ ತಂಬಾಕು, ಇ-ಸಿಗರೇಟು ಒಯ್ಯಬೇಡಿ, ಸಾಮಾನ್ಯ ಸಿಗರೇಟಿಗೂ ಅಲ್ಲಿ ಸುಂಕದ ರಿಯಾಯಿತಿ ಇಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ, ಆದರೆ ಕೇಂದ್ರದ ಕಾನೂನಿನಲ್ಲಿ ಅಪರಾಧವೇ. ಹಡಗಿನಲ್ಲಿ ನಡೆಯುವುದು ಕೇಂದ್ರದ ಕಾನೂನು, ವೈದ್ಯರ ಚೀಟಿ ಇದ್ದರೂ ಅಷ್ಟೇ. ಮಕ್ಕಳಿಗೆ ಮಿಲಿಟರಿ ಡಿಸೈನಿನ ಪ್ಯಾಂಟು ಹಾಕಿಸುವವರಿಗೆ ಒಂದು ಮಾತು: ಬಾರ್ಬಡೋಸ್, ಜಮೈಕಾಗಳಲ್ಲಿ ಆ ಬಟ್ಟೆ ಸೈನಿಕರಿಗೆ ಮಾತ್ರ. ಹಡಗಿನಲ್ಲಿ ಹಾಕಿಕೊಳ್ಳಿ, ಕೆಳಗಿಳಿಯುವಾಗ ಬದಲಿಸಿ.

ಮಾತ್ರೆಗಳನ್ನು ವಾರದ ಡಬ್ಬಿಗೆ ಸುರಿದು ಖಾಲಿ ಸ್ಟ್ರಿಪ್ ಎಸೆಯಬೇಡಿ. ಸ್ಟ್ರಿಪ್, ವೈದ್ಯರ ಚೀಟಿ, ಎರಡೂ ಜೊತೆಗಿರಲಿ, ಅದೂ ಕೈಚೀಲದಲ್ಲಿ. ಬಂದರಿನಲ್ಲಿ ಪೋರ್ಟರ್‌ಗೆ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಯೋ ರಾತ್ರಿಯೋ, ಅಷ್ಟರಲ್ಲಿ ಮಧ್ಯಾಹ್ನದ ಇನ್ಸುಲಿನ್ ಹೊತ್ತು ಮೀರಿರುತ್ತದೆ. ಪಾಸ್‌ಪೋರ್ಟ್‌ನ್ನು ಸೂಟ್‌ಕೇಸಿನೊಳಗಿಟ್ಟು ಪೋರ್ಟರ್‌ಗೆ ಕೊಟ್ಟು, ಚೆಕ್-ಇನ್ ಸಾಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತವರು ಹಳಬರು ಇಳಿದು ಹೊಸಬರು ಹತ್ತುವ ಪ್ರತಿ ಟರ್ನ್‌ಅರೌಂಡ್ ದಿನವೂ ಇರುತ್ತಿದ್ದರು.

ಸಂಜೆ ಕಳೆದರೂ ಸೂಟ್‌ಕೇಸ್ ಬರದಿದ್ದರೆ ಗಾಬರಿ ಬೇಡ. ಏನೋ ಕಂಡು ತಡೆದಿರುತ್ತಾರೆ. ಕೆಳಗಿನ ಡೆಕ್‌ನಲ್ಲೊಂದು ಕೋಣೆ, ಪ್ರಯಾಣಿಕರು ತಮಾಷೆಗೆ 'ನಾಟಿ ರೂಮ್', ಅಂದರೆ ತುಂಟರ ಕೋಣೆ, ಅನ್ನುತ್ತಾರೆ. ಅಲ್ಲಿ ನಿಮ್ಮೆದುರೇ ಚೀಲ ಬಿಚ್ಚಿಸಿ, ವಸ್ತು ತೆಗೆದು, ರಸೀದಿ ಕೊಡುತ್ತಾರೆ. ಇಸ್ತ್ರಿಪೆಟ್ಟಿಗೆ ಇಟ್ಟವರಿಗೆ ಯಾರೂ ಬೈಯುವುದಿಲ್ಲ. ಗಾಂಜಾ, ಬಂದೂಕಿನ ಗುಂಡು ಸಿಕ್ಕರೆ ಮಾತ್ರ ವಿಷಯ ಕ್ಯಾಪ್ಟನ್‌ವರೆಗೆ, ಅಲ್ಲಿಂದ ಪೊಲೀಸರವರೆಗೆ ಹೋಗುತ್ತದೆ.

ಕೊನೆಯ ದಿನ ರಸೀದಿ ತೋರಿಸಿ ಸಾಮಾನು ಬಿಡಿಸಿಕೊಳ್ಳುವ ಸಾಲು ಉದ್ದ, ಬೇಗ ಹೋಗಿ. ಇಳಿಯುವ ಮುಂಚೆ ಬಫೆಯಿಂದ ಎತ್ತಿಕೊಂಡ ಬಾಳೆಹಣ್ಣು, ಸೇಬು ಚೀಲದಲ್ಲಿದ್ದರೆ ಅಲ್ಲೇ ತಿಂದು ಮುಗಿಸಿ. ಅಮೆರಿಕದ ಕಸ್ಟಮ್ಸ್‌ನವರು ಮೂಸಿ ನೋಡಲು ಬೀಗಲ್ ನಾಯಿ ನಿಲ್ಲಿಸಿರುತ್ತಾರೆ, ಹೇಳದೆ ಒಯ್ದ ಹಣ್ಣಿಗೆ ದಂಡ ನೂರಾರು ಡಾಲರ್.