ದುಬೈ ಕೆಲಸಕ್ಕೆ ಹೂಂ ಅನ್ನುವ ಮೊದಲು

ದುಬೈ ಕಡೆಯಿಂದ ಆಫರ್ ಬಂದಿದೆ, ಕಂಪನಿ ಮೇಲೆ ಮಾತ್ರ ನಂಬಿಕೆ ಇಲ್ಲ ಅನ್ನುವವರಿಗೆ ಇದು. ಸಂಬಳದ ಲೆಕ್ಕ ಆಮೇಲೆ. ಮೊದಲು ವೀಸಾ ಯಾವುದು ಅಂತ ಕೇಳಿ.

"ಈಗ ವಿಸಿಟ್ ವೀಸಾದಲ್ಲಿ ಬಾ, ಬಂದ ಮೇಲೆ ಬದಲಾಯಿಸೋಣ" ಅಂದರೆ ಅಲ್ಲೇ ನಿಲ್ಲಿಸಿಬಿಡಿ. ಯುಎಇಯಲ್ಲಿ ಆ ವೀಸಾದಲ್ಲಿ ದುಡಿಯುವುದು ಕಾನೂನಿಗೆ ವಿರುದ್ಧ. ಸಂಬಳ ಕೊಡದಿದ್ದರೆ ದೂರು ಕೊಡುವುದೂ ಕಷ್ಟ.

ಏಜೆಂಟ್ ಹೆಸರನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹುಡುಕಿ. ನೋಂದಣಿಯಾದ ಏಜೆಂಟ್ ಹೆಚ್ಚೆಂದರೆ 30,000 ರೂಪಾಯಿ ಸರ್ವಿಸ್ ಚಾರ್ಜ್ ತೆಗೆದುಕೊಳ್ಳಬಹುದು, ಜೊತೆಗೆ ಜಿಎಸ್‌ಟಿ. ಎರಡು ಲಕ್ಷ ಕೇಳುವವರ ಹತ್ತಿರ ರಸೀದಿ ಕೇಳಿ ನೋಡಿ, ಮುಖವೇ ಬದಲಾಗುತ್ತೆ!

ಆಫರ್ ಲೆಟರಿನಲ್ಲಿ ಮೂಲ ಸಂಬಳ ಎಷ್ಟು, ಭತ್ಯೆ ಎಷ್ಟು ಅಂತ ಬೇರೆ ಬೇರೆ ಬರೆಸಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಮೂಲ ಸಂಬಳದ ಮೇಲೆ ಮಾತ್ರ. 3,000 ದಿರ್ಹಂ ಅಂತ ಹೇಳಿ ಮೂಲ ಸಂಬಳ 1,000 ಇಟ್ಟರೆ ನಷ್ಟ ನಿಮಗೇ ಅಲ್ವಾ? ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ, ಇದೂ ನೆನಪಿರಲಿ.

ಆ ಕಂಪನಿಯಲ್ಲೇ ಕೆಲಸ ಮಾಡುವ ಒಬ್ಬರ ಜೊತೆಯಾದರೂ ಮಾತಾಡಿ. ಮಂಗಳೂರು, ಉಡುಪಿ, ಭಟ್ಕಳದವರು ದುಬೈಯಲ್ಲಿ ಜಾಸ್ತಿ, ವಿಚಾರಿಸಿದರೆ ಯಾರಾದರೂ ಸಿಗುತ್ತಾರೆ. ಸುಮ್ನೆ "ಕಂಪನಿ ಹೇಗೆ?" ಅನ್ನಬೇಡಿ. "ಕಳೆದ ಮೂರು ತಿಂಗಳ ಸಂಬಳ ಯಾವ ತಾರೀಕಿಗೆ ಬಂತು?" ಅಂತ ಕೇಳಿ.

ಸಾಲ ಮಾಡಿ ಹೋಗುವುದಾದರೆ, ಎರಡು ತಿಂಗಳು ದುಡ್ಡು ಬರದಿದ್ದರೂ ಮನೆ ನಡೆಯುತ್ತಾ ನೋಡಿಕೊಳ್ಳಿ. ವಾಪಸ್ ಟಿಕೆಟಿನ ಹಣ ಬೇರೆಯೇ ಇಟ್ಟಿರಿ. ಅದನ್ನು ಮಾತ್ರ ಮುಟ್ಟಬೇಡಿ.