ಲೆಕ್ಕ ಸರಿ, ಖಾತೆ ತಪ್ಪು: 73ಕ್ಕೆ ನನ್ನ ಮೊದಲ ಆರ್‌ಎಂಡಿ

2025ರ ಫೆಬ್ರವರಿ. ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಸಂಜೆ ಕಾಫಿ ಹಿಡಿದು ಕೂತಿದ್ದೆ. ನ್ಯೂಜೆರ್ಸಿಯಿಂದ ಮಗ ವಾಟ್ಸಾಪ್‌ನಲ್ಲಿ ಒಂದು ಕಾಗದದ ಫೋಟೋ ಕಳಿಸಿದ. "ಅಪ್ಪ, ನಿಮ್ಮ ಟಪಾಲಿನಲ್ಲಿ ಬಂದಿದೆ. ಅರ್ಜೆಂಟ್ ಇದ್ದ ಹಾಗಿದೆ ನೋಡಿ" ಅಂತ ಕೆಳಗೆ ಬರೆದಿದ್ದ. ಕನ್ನಡಕ ಹಾಕಿಕೊಂಡು ಓದಿದೆ. ನಾನು ಎಂದೋ ಬಿಟ್ಟುಬಂದ ಒಂದು ಕಂಪನಿಯ 401(ಕೆ) ಖಾತೆಯವರು ಬರೆದಿದ್ದರು. 2024ಕ್ಕೆ ನೀವು ತೆಗೆಯಲೇಬೇಕಾದ ಹಣ ಇನ್ನೂ ತೆಗೆದಿಲ್ಲ, ಏಪ್ರಿಲ್ 1ರೊಳಗೆ ತೆಗೆಯಿರಿ ಅಂತ.

ನನಗೆ ನಗು ಬಂತು. "ಅಕ್ಟೋಬರ್‌ನಲ್ಲೇ ಎಲ್ಲಾ ತೆಗೆದಿದ್ದೀನಿ, ಇವರಿಗೆ ಗೊತ್ತೇ ಇಲ್ಲ" ಅಂದೆ. ನನ್ನ ಹೆಂಡತಿ ತಿಂಡಿ ತಟ್ಟೆ ಇಡುತ್ತಾ, "ಅವರ ಹತ್ರ ಇರೋ ದುಡ್ಡು ತೆಗೆದ್ರಾ, ಇಲ್ಲಾ ಬೇರೆಯವರ ಹತ್ರ ಇರೋದಾ?" ಅಂದಳು. ಅವಳು ಸುಮ್ನೆ ಕೇಳಿದ್ದು. ಆದರೆ ನಾನು ಮಾಡಿದ ತಪ್ಪೆಲ್ಲ ಆ ಪ್ರಶ್ನೆಯಲ್ಲೇ ಇತ್ತು.

ಅಮೆರಿಕದಲ್ಲಿ ದುಡಿದವರಿಗೆ ಇದು ಗೊತ್ತಿರುತ್ತದೆ. ಉಳಿದವರಿಗೆ ಎರಡು ಮಾತು. ಅಲ್ಲಿ ಸಂಬಳದಿಂದ ನಿವೃತ್ತಿಗೆಂದು ಕಂಪನಿಯ ಮೂಲಕ 401(ಕೆ) ಖಾತೆಗೆ ಅಥವಾ ಸ್ವಂತವಾಗಿ ತೆರೆದ ಐಆರ್‌ಎ ಖಾತೆಗೆ ಹಾಕಿದ ಹಣಕ್ಕೆ ಹಾಕುವಾಗ ತೆರಿಗೆ ಇಲ್ಲ, ಬೆಳೆಯುವಾಗಲೂ ಇಲ್ಲ. ತೆಗೆಯುವಾಗ ಇದೆ. ಹಾಗಂತ ತೆಗೆಯದೇ ಕೂತರೆ ಸರ್ಕಾರ ಕೇಳುವುದಿಲ್ಲ. ಇಂತಿಷ್ಟು ವಯಸ್ಸಾದ ಮೇಲೆ ಪ್ರತಿ ವರ್ಷ ಇಂತಿಷ್ಟಾದರೂ ತೆಗೆದು ಅದಕ್ಕೆ ತೆರಿಗೆ ಕಟ್ಟಲೇಬೇಕು. ಅದಕ್ಕೇ ಆರ್‌ಎಂಡಿ (ರಿಕ್ವೈರ್ಡ್ ಮಿನಿಮಮ್ ಡಿಸ್ಟ್ರಿಬ್ಯೂಷನ್) ಅನ್ನುತ್ತಾರೆ. ತೆರಿಗೆ ಕಟ್ಟಿ ಹಾಕಿದ ರಾತ್ ಐಆರ್‌ಎಗೆ ಯಜಮಾನ ಬದುಕಿರುವವರೆಗೆ ಈ ಕಾಟ ಇಲ್ಲ. 2024ರಿಂದ ಕಂಪನಿಯ ರಾತ್ ಖಾತೆಗೂ ಇಲ್ಲ.

"ಇಂತಿಷ್ಟು ವಯಸ್ಸು" ಅನ್ನುವುದು ನನ್ನ ವಿಷಯದಲ್ಲಿ ದೊಡ್ಡ ನಾಟಕವೇ ಆಯಿತು. ನಾನು 1951ರಲ್ಲಿ ಹುಟ್ಟಿದವನು. ರಿಟೈರ್ ಆದಾಗ ಇದ್ದ ನಿಯಮ ಎಪ್ಪತ್ತೂವರೆ ವರ್ಷ. ಈ "ಅರೆ" ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಡೈರಿಯಲ್ಲಿ ಬರೆದಿಟ್ಟುಕೊಂಡೆ. 2019ರ ಡಿಸೆಂಬರ್‌ನಲ್ಲಿ ನಿವೃತ್ತಿ ಖಾತೆಗಳ ನಿಯಮ ಬದಲಿಸುವ ಸೆಕ್ಯೂರ್ ಕಾಯ್ದೆ ಬಂತು, 72 ಆಯಿತು. ಹೊಡೆದುಹಾಕಿ ತಿದ್ದಿದೆ. ನಾನು 72 ಮುಟ್ಟಬೇಕಿದ್ದದ್ದು 2023ರಲ್ಲಿ. ಆ ವರ್ಷ ಶುರುವಾಗುವುದಕ್ಕೆ ಸರಿಯಾಗಿ ಮೂರು ದಿನ ಮೊದಲು, 2022ರ ಡಿಸೆಂಬರ್ 29ಕ್ಕೆ, ಅದರ ಮುಂದುವರಿಕೆಯಾದ ಸೆಕ್ಯೂರ್ 2.0 ಕಾಯ್ದೆಗೆ ಸಹಿ ಬಿತ್ತು. 73 ಆಯಿತು. ನನ್ನ ವಾರಿಗೆಯವರಿಗೆ ಆ ವರ್ಷ ಹಳೇ ಲೆಕ್ಕದ ನೋಟಿಸುಗಳೇ ಬಂದವು. ಕೆಲವರು ಅದನ್ನು ನಂಬಿ ಹಣ ತೆಗೆದೂಬಿಟ್ಟಿದ್ದರು. ಅವರು ಅದನ್ನು ವಾಪಸ್ ಹಾಕಿಕೊಳ್ಳಲಿ ಅಂತ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ 2023ರ ಸೆಪ್ಟೆಂಬರ್ 30ರವರೆಗೆ ಸಮಯ ಕೊಟ್ಟಿತು.

ಈಗ ಇರುವ ಲೆಕ್ಕ ಹೀಗೆ. 1951ರಿಂದ 1959ರವರೆಗೆ ಹುಟ್ಟಿದವರಿಗೆ 73. 1960 ಮತ್ತು ಆಮೇಲೆ ಹುಟ್ಟಿದವರಿಗೆ 75. 73 ತುಂಬುವ ವರ್ಷದ್ದೇ ಮೊದಲ ಆರ್‌ಎಂಡಿ. ಆ ಮೊದಲನೆಯದಕ್ಕೆ ಮಾತ್ರ ಮುಂದಿನ ವರ್ಷದ ಏಪ್ರಿಲ್ 1ರವರೆಗೆ ರಿಯಾಯಿತಿ. ಎರಡನೆಯದರಿಂದ ಆಚೆಗೆ ಪ್ರತಿ ವರ್ಷ ಡಿಸೆಂಬರ್ 31.

ನನಗೆ 73 ತುಂಬಿದ್ದು 2024ರಲ್ಲಿ. ಏಪ್ರಿಲ್‌ವರೆಗೆ ಕಾಯಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಕಾದರೆ 2025ರಲ್ಲಿ ಎರಡು ವರ್ಷದ ಹಣ ಒಟ್ಟಿಗೆ ಆದಾಯಕ್ಕೆ ಸೇರುತ್ತದೆ. ತೆರಿಗೆ ಮೆಟ್ಟಿಲು ಏರುತ್ತದೆ. ಅದೂ ಸಾಲದೆ ಮೆಡಿಕೇರ್, ಅಂದರೆ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯ ಪ್ರೀಮಿಯಂ ಎರಡು ವರ್ಷ ಹಿಂದಿನ ಆದಾಯ ನೋಡಿ ನಿಗದಿಯಾಗುತ್ತದೆ. 2025ರಲ್ಲಿ ಜಾಸ್ತಿ ತೆಗೆದದ್ದಕ್ಕೆ 2027ರಲ್ಲಿ ಬಿಲ್ ಬರಬಹುದು. ಹಾಗಾಗಿ ಆ ರಿಯಾಯಿತಿ ಸೋಮಾರಿಗಳಿಗೆ ಅಂದುಕೊಂಡಿದ್ದೆ.

ಅಕ್ಟೋಬರ್‌ನಲ್ಲಿ ಒಂದು ಭಾನುವಾರ ಕಾಗದ ಪೆನ್ಸಿಲ್ ಹಿಡಿದು ಕೂತೆ. ಲೆಕ್ಕ ನಾಲ್ಕನೇ ಕ್ಲಾಸಿನ ಭಾಗಾಕಾರ. ಹಿಂದಿನ ವರ್ಷದ ಡಿಸೆಂಬರ್ 31ಕ್ಕೆ ಖಾತೆಯಲ್ಲಿ ಎಷ್ಟಿತ್ತೋ ಅದನ್ನು ಐಆರ್‌ಎಸ್ ಪಟ್ಟಿಯಲ್ಲಿ ನಿಮ್ಮ ವಯಸ್ಸಿನ ಮುಂದೆ ಇರುವ ಸಂಖ್ಯೆಯಿಂದ ಭಾಗಿಸುವುದು, ಅಷ್ಟೇ. 73ಕ್ಕೆ 26.5. 74ಕ್ಕೆ 25.5. 80ಕ್ಕೆ 20.2. 90ಕ್ಕೆ 12.2. ವಯಸ್ಸಾದಂತೆ ಭಾಗಿಸುವ ಸಂಖ್ಯೆ ಚಿಕ್ಕದಾಗುತ್ತದೆ, ತೆಗೆಯಬೇಕಾದ ಪಾಲು ದೊಡ್ಡದಾಗುತ್ತದೆ. ಹೆಂಡತಿ ಅಥವಾ ಗಂಡ ಹತ್ತು ವರ್ಷಕ್ಕಿಂತ ಜಾಸ್ತಿ ಚಿಕ್ಕವರಾಗಿದ್ದು, ಅವರೊಬ್ಬರೇ ನಾಮಿನಿ ಆಗಿದ್ದರೆ ಬೇರೆ ಪಟ್ಟಿ ಇದೆ. ನನ್ನಾಕೆ ಐದು ವರ್ಷ ಚಿಕ್ಕವಳು, ಆ ಭಾಗ್ಯ ಇಲ್ಲ.

ನನ್ನ ಐಆರ್‌ಎಯಲ್ಲಿ ಇದ್ದದ್ದು 4,87,600 ಡಾಲರ್. ಹಳೇ ಕಂಪನಿಯ 401(ಕೆ)ಯಲ್ಲಿ 63,600. ಎರಡನ್ನೂ ಕೂಡಿದೆ, 5,51,200 ಆಯಿತು. 26.5ರಿಂದ ಭಾಗಿಸಿದೆ, ಸರಿಯಾಗಿ 20,800. ಎರಡು ಸಲ ಕ್ಯಾಲ್ಕುಲೇಟರ್‌ನಲ್ಲೂ ಒತ್ತಿದೆ. ಐಆರ್‌ಎಯಿಂದ 20,800 ಡಾಲರ್ ತೆಗೆದೆ. ಡಿಸೆಂಬರ್ ಮೊದಲ ವಾರ ಮೈಸೂರಿಗೆ ಹೊರಟೆವು. ನಲವತ್ತು ವರ್ಷ ಎಂಜಿನಿಯರ್ ಆಗಿದ್ದವನ ಲೆಕ್ಕ, ತಪ್ಪಾಗುತ್ತಾ?

ಲೆಕ್ಕ ತಪ್ಪಿರಲಿಲ್ಲ. ತೆಗೆದ ಜಾಗ ತಪ್ಪು.

ನಿಯಮ ಹೀಗಿದೆ. ನಿಮ್ಮ ಹತ್ತಿರ ನಾಲ್ಕು ಐಆರ್‌ಎ ಇದ್ದರೆ ನಾಲ್ಕಕ್ಕೂ ಬೇರೆ ಬೇರೆ ಲೆಕ್ಕ ಮಾಡಿ, ಒಟ್ಟು ಮೊತ್ತವನ್ನು ಬೇಕಾದ ಒಂದರಿಂದಲೇ ತೆಗೆಯಬಹುದು. 401(ಕೆ)ಗೆ ಆ ಸೌಲಭ್ಯ ಇಲ್ಲ. ಪ್ರತಿ 401(ಕೆ)ಯ ಹಣ ಅದರಿಂದಲೇ ಬರಬೇಕು. ಐಆರ್‌ಎಯಲ್ಲಿ ಎಷ್ಟು ಜಾಸ್ತಿ ತೆಗೆದರೂ ಅದು 401(ಕೆ) ಲೆಕ್ಕಕ್ಕೆ ಬರುವುದಿಲ್ಲ. ಗಂಡ ಹೆಂಡತಿ ಖಾತೆಗಳೂ ಅಷ್ಟೇ. ಒಟ್ಟಿಗೆ ತೆರಿಗೆ ಸಲ್ಲಿಸಿದರೂ ಅವಳ ಐಆರ್‌ಎ ಅವಳದು, ನನ್ನದು ನನ್ನದು. ಈ ಒಂದು ಸಾಲು ನಾನು ಎಲ್ಲೋ ಓದಿದ್ದೆ, ಅರ್ಧ ಮಾತ್ರ ನೆನಪಿತ್ತು. "ಎಲ್ಲಾ ಕೂಡಿ ಒಂದರಿಂದ ತೆಗೆಯಬಹುದು" ಅನ್ನುವ ಅರ್ಧ.

ಅಂದರೆ ಐಆರ್‌ಎಯಿಂದ 18,400 ತೆಗೆದರೆ ಸಾಕಿತ್ತು. 2,400 ಜಾಸ್ತಿ ತೆಗೆದು ಅದಕ್ಕೂ ತೆರಿಗೆ ಹಚ್ಚಿಕೊಂಡೆ. 401(ಕೆ)ಯಿಂದ ಬರಬೇಕಿದ್ದ 2,400 ಅಲ್ಲೇ ಕೂತಿತ್ತು. ಜಾಸ್ತಿ ತೆಗೆದದ್ದನ್ನು ಮುಂದಿನ ವರ್ಷಕ್ಕೆ ಹಿಡಿದುಕೊಳ್ಳಿ ಅನ್ನುವ ಹಾಗೂ ಇಲ್ಲ. 60 ದಿನದೊಳಗೆ ಗೊತ್ತಾಗಿದ್ದರೆ ಆ ಹೆಚ್ಚುವರಿಯನ್ನಾದರೂ ವಾಪಸ್ ಹಾಕಬಹುದಿತ್ತು. ಅಕ್ಟೋಬರ್ ಎಲ್ಲಿ, ಫೆಬ್ರವರಿ ಎಲ್ಲಿ!

ದಂಡದ ಲೆಕ್ಕ ನೋಡಿದಾಗ ಕಾಫಿ ಆರಿಹೋಗಿತ್ತು. ತೆಗೆಯದೇ ಬಿಟ್ಟ ಮೊತ್ತದ 25% ದಂಡ. ಎರಡು ವರ್ಷದ ಗಡುವಿನೊಳಗೆ ಸರಿಪಡಿಸಿದರೆ 10%. ಮೊದಲು ಇದು 50% ಇತ್ತು, ಸೆಕ್ಯೂರ್ 2.0 ಇಳಿಸಿತು. ನಿಜವಾದ ಕಾರಣ ಇದ್ದರೆ 5329 ಅನ್ನುವ ಫಾರಂ ತುಂಬಿ ಮನ್ನಾ ಕೇಳಬಹುದು. ಆದರೆ ನನಗೆ ಅದ್ಯಾವುದೂ ಬೇಕಾಗಲಿಲ್ಲ. ಇದು ನನ್ನ ಮೊದಲ ವರ್ಷ. ಸೋಮಾರಿಗಳಿಗೆ ಅಂತ ನಾನು ಮೂಗು ಮುರಿದಿದ್ದ ಏಪ್ರಿಲ್ 1ರ ರಿಯಾಯಿತಿಯೇ ಕೈ ಹಿಡಿಯಿತು. ಇನ್ನೂ ಆರು ವಾರ ಇತ್ತು.

ಆ ಆರು ವಾರದಲ್ಲಿ ಎರಡು ವಾರ ಓಟಿಪಿಗೇ ಹೋಯಿತು. 401(ಕೆ) ವೆಬ್‌ಸೈಟಿಗೆ ಲಾಗಿನ್ ಆಗಲು ಕೋಡ್ ಬರುವುದು ಅಮೆರಿಕದ ನಂಬರಿಗೆ. ಆ ಸಿಮ್ ಇದ್ದ ಫೋನು ನ್ಯೂಜೆರ್ಸಿಯ ಎಡಿಸನ್ ಊರಿನ ನಮ್ಮ ಮನೆಯ ಡ್ರಾಯರ್‌ನಲ್ಲಿ, ಚಾರ್ಜ್ ಇಲ್ಲದೆ. ಮಗ ವಾರಾಂತ್ಯ ಬಂದು ಚಾರ್ಜಿಗೆ ಹಾಕಿದ. ನಾನು ಇಲ್ಲಿ ಬಟನ್ ಒತ್ತುವುದು, ಅವನು ಅಲ್ಲಿ ಆರು ಅಂಕಿ ಓದುವುದು, ನಾನು ಟೈಪ್ ಮಾಡುವುದರೊಳಗೆ "ಅವಧಿ ಮುಗಿದಿದೆ". ಮೂರನೇ ಸಲಕ್ಕೆ ಖಾತೆಯೇ ಲಾಕ್. ಆಮೇಲೆ ಫೋನೇ ಗತಿ. ಮೈಸೂರಿನ ಸಂಜೆ ಏಳೂವರೆಗೆ ಅಲ್ಲಿ ಬೆಳಿಗ್ಗೆ ಒಂಬತ್ತು. ನಾಲ್ಕು ದಿನ ಆ ಹೊತ್ತಿಗೆ ಲ್ಯಾಪ್‌ಟಾಪ್‌ನಲ್ಲಿ ಫೋನ್ ಹಚ್ಚಿ ಕೂತೆ. ಹೋಲ್ಡ್ ಸಂಗೀತ ಕೇಳಿ ಕೇಳಿ ಕೆಲಸದವಳಿಗೂ ಬಾಯಿಪಾಠ ಆಗಿತ್ತು.

ಕೊನೆಗೆ ಸಿಕ್ಕ ಹೆಣ್ಣುಮಗಳು ಬುದ್ಧಿವಂತೆ. ನಾನು "401(ಕೆ) ಪೂರ್ತಿ ಮುಚ್ಚಿ ಎಲ್ಲಾ ಐಆರ್‌ಎಗೆ ಕಳಿಸಿಬಿಡಿ, ತಲೆನೋವು ಹೋಗಲಿ" ಅಂದೆ. ಅವಳು ತಡೆದಳು. ಆರ್‌ಎಂಡಿ ಹಣವನ್ನು ಇನ್ನೊಂದು ಖಾತೆಗೆ ವರ್ಗಾಯಿಸುವ ಹಾಗಿಲ್ಲ. ರಾತ್‌ಗೂ ಬದಲಾಯಿಸುವ ಹಾಗಿಲ್ಲ. ಯಾವ ವರ್ಷ ಆರ್‌ಎಂಡಿ ಇದೆಯೋ ಆ ವರ್ಷ ಖಾತೆಯಿಂದ ಮೊದಲು ಹೊರಬರುವ ಹಣವೇ ಆರ್‌ಎಂಡಿ ಅಂತ ಲೆಕ್ಕ. ಹಾಗಾಗಿ ಮೊದಲು 2024ರ ಬಾಕಿ 2,400. ಆಮೇಲೆ 2025ರದು. 2024ರ ಕೊನೆಗೆ ಆ ಖಾತೆಯಲ್ಲಿ 66,300 ಇತ್ತು, 25.5ರಿಂದ ಭಾಗಿಸಿದರೆ 2,600. ಒಟ್ಟು 5,000 ಡಾಲರ್ ನನ್ನ ಬ್ಯಾಂಕಿಗೆ. ಅದಾದ ಮೇಲೆ ಉಳಿದದ್ದು ಐಆರ್‌ಎಗೆ. ಮಾರ್ಚ್ ಮೂರನೇ ವಾರ ದುಡ್ಡು ಬ್ಯಾಂಕಿಗೆ ಬಿತ್ತು.

ಉಳಿದ ಹಣ ಕಳಿಸುವಾಗ ಇನ್ನೊಂದು ಎಚ್ಚರ. ಚೆಕ್ಕು ನನ್ನೊಬ್ಬನ ಹೆಸರಿಗೆ ಬರೆದರೆ ಅವರು 20% ತೆರಿಗೆಗೆ ಅಂತ ಹಿಡಿದೇ ಕೊಡಬೇಕು. ಹೊಸ ಸಂಸ್ಥೆಯ ಹೆಸರು ಹಾಕಿ, "ಇಂಥವರ ಖಾತೆಗೆ" ಅಂತ ನನ್ನ ಹೆಸರು ಸೇರಿಸಿ ಬರೆದರೆ ಏನೂ ಹಿಡಿಯುವುದಿಲ್ಲ. ನನ್ನ ಚೆಕ್ಕು ಹಾಗೇ ಬಂತು. ಮಗ ಲಕೋಟೆ ಬಿಚ್ಚಿ ಫೋಟೋ ಕಳಿಸಿದಾಗ ಮೊದಲು ನೋಡಿದ್ದು ಆ ಸಾಲನ್ನೇ.

ಈಗ ಒಂದೇ ಐಆರ್‌ಎ, ಒಂದೇ ಭಾಗಾಕಾರ. 2025ಕ್ಕೆ ಐಆರ್‌ಎಯ ಲೆಕ್ಕ ಹಿಂದಿನ ವರ್ಷಾಂತ್ಯದ 4,99,800 ಮೇಲೆ 19,600. ಇನ್ನೂ ಕೆಲಸದಲ್ಲಿರುವವರು ಈಗಿನ ಕಂಪನಿಯ 401(ಕೆ)ಯನ್ನು ಮುಟ್ಟದೇ ಬಿಡಬಹುದು, ಆ ಕಂಪನಿಯಲ್ಲಿ 5%ಗಿಂತ ಜಾಸ್ತಿ ಪಾಲು ಇಲ್ಲದಿದ್ದರೆ. ಆದರೆ ಹಳೇ ಕಂಪನಿಗಳದ್ದನ್ನು ಬಿಡುವಂತಿಲ್ಲ. ನನ್ನ ಕೇಳಿದರೆ ಹಳೇ ಖಾತೆಗಳನ್ನು 72ಕ್ಕೆ ಮೊದಲೇ ಒಂದು ಕಡೆ ಸೇರಿಸಿಬಿಡಿ. ಆಗ ಯಾವ ಆರ್‌ಎಂಡಿ ಗೊಂದಲವೂ ಇರುವುದಿಲ್ಲ.

ಆ 19,600ರಲ್ಲಿ 3,000 ದಾನ ಮಾಡಿದೆ. ಐಆರ್‌ಎಯಿಂದ ನೇರವಾಗಿ ದತ್ತಿ ಸಂಸ್ಥೆಗೆ ಕಳಿಸಿದರೆ ಅದು ಆರ್‌ಎಂಡಿಗೂ ಲೆಕ್ಕ, ಆದಾಯಕ್ಕೂ ಸೇರುವುದಿಲ್ಲ. ಕ್ಯೂಸಿಡಿ ಅನ್ನುತ್ತಾರೆ. 2025ಕ್ಕೆ ಒಬ್ಬರಿಗೆ ಮಿತಿ 1,08,000 ಡಾಲರ್, ನಮ್ಮಂಥವರಿಗೆ ಅದು ಆಕಾಶ. ತಮಾಷೆ ಅಂದರೆ ಇದಕ್ಕೆ ವಯಸ್ಸು ಈಗಲೂ ಎಪ್ಪತ್ತೂವರೆ, ಅದನ್ನು ಯಾರೂ ತಿದ್ದಿಲ್ಲ. ನನಗೆ ಹುಟ್ಟೂರಿನ ಪ್ರೈಮರಿ ಶಾಲೆಗೆ ಕೊಡುವ ಆಸೆ ಇತ್ತು. ಆಗಲಿಲ್ಲ. ಅಮೆರಿಕದಲ್ಲಿ ಮಾನ್ಯತೆ ಇರುವ ದತ್ತಿ ಸಂಸ್ಥೆಗೇ ಹೋಗಬೇಕು. ಎಡಿಸನ್‌ನ ದೇವಸ್ಥಾನಕ್ಕೂ ಫುಡ್ ಬ್ಯಾಂಕಿಗೂ ಕಳಿಸಿದೆ. ಊರ ಶಾಲೆಗೆ ಬೇರೆ ದುಡ್ಡಿನಿಂದ ಬೆಂಚು ಕೊಡಿಸಿದ್ದಾಯಿತು. ಒಂದು ಮಾತು: ದಾನ ಮೊದಲು, ಉಳಿದದ್ದು ಆಮೇಲೆ. ಆರ್‌ಎಂಡಿ ಪೂರ್ತಿ ಕೈಗೆ ಬಂದ ಮೇಲೆ ದಾನ ಕಳಿಸಿದರೆ, ಬಂದದ್ದಕ್ಕೆ ತೆರಿಗೆ ತಪ್ಪುವುದಿಲ್ಲ. ರಶೀದಿ ಜೋಪಾನ ಮಾಡಿ, ತೆರಿಗೆ ಮಾಡುವವರಿಗೆ ಬಾಯಿಬಿಟ್ಟು ಹೇಳಿ.

ತೆರಿಗೆ ನಾನು ಮೂರು ತಿಂಗಳಿಗೊಮ್ಮೆ ಕಟ್ಟುವುದನ್ನು ಬಿಟ್ಟೆ. ಆರ್‌ಎಂಡಿ ತೆಗೆಯುವಾಗಲೇ ಹಿಡಿದುಕೊಳ್ಳಿ ಅನ್ನುತ್ತೇನೆ. ಏನೂ ಹೇಳದಿದ್ದರೆ 10% ಹಿಡಿಯುತ್ತಾರೆ. ಜಾಸ್ತಿ ಬೇಕಾದರೆ ಡಬ್ಲ್ಯೂ-4ಆರ್ ಫಾರಂನಲ್ಲಿ ಬರೆಯಬೇಕು. ಹೀಗೆ ಹಿಡಿದದ್ದನ್ನು ನವೆಂಬರ್‌ನಲ್ಲಿ ಹಿಡಿದರೂ ವರ್ಷಪೂರ್ತಿ ಸಮನಾಗಿ ಕಟ್ಟಿದ ಹಾಗೆ ಪರಿಗಣಿಸುತ್ತಾರೆ.

ಇದನ್ನೆಲ್ಲ ಭಾವಮೈದನಿಗೆ ಹೇಳಿದೆ. ಅವನೂ ಟೆಕ್ಸಸ್‌ನಲ್ಲಿ ಮೂವತ್ತು ವರ್ಷದಿಂದ ಇದ್ದಾನೆ. "ಭಾವ, ನಾನು ಹುಟ್ಟಿದ್ದು 1960ರ ಸಂಕ್ರಾಂತಿಗೆ. ನನಗೆ 75 ಅಲ್ವಾ?" ಅಂದ. ಪಾಸ್‌ಪೋರ್ಟ್ ತೆಗೆದು ನೋಡು ಅಂದೆ. ಶಾಲೆಗೆ ಸೇರಿಸುವಾಗ ವಯಸ್ಸು ಸಾಲದು ಅಂತ ಮೇಷ್ಟ್ರು 1959ರ ಜೂನ್ 1 ಬರೆದುಬಿಟ್ಟಿದ್ದರು. ಅದೇ ಎಸ್‌ಎಸ್‌ಎಲ್‌ಸಿ ಕಾರ್ಡಿಗೆ, ಅದೇ ಪಾಸ್‌ಪೋರ್ಟಿಗೆ, ಅದೇ ಸೋಶಿಯಲ್ ಸೆಕ್ಯೂರಿಟಿಗೆ ಹೋಗಿ ಕೂತಿದೆ. 2032ಕ್ಕೆ ಅವನಿಗೆ ಮೊದಲ ಆರ್‌ಎಂಡಿ. "ಮೇಷ್ಟ್ರಿಗೆ ಅಪ್ಪ ಎರಡು ಗೊನೆ ಬಾಳೆಹಣ್ಣು ಬೇರೆ ಕೊಟ್ಟಿದ್ರು" ಅಂತ ಗೊಣಗಿದ.